ವೆಬ್ ಲ್ಯಾಬ್‌ಗೆ ಎರಡನೇ ಕಂಪ್ಯೂಟರ್ ಬೇಕು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಓದಿದವರಿಗೆ ಏಳನೇ ಸೆಮಿಸ್ಟರಿನ ವೆಬ್ ಟೆಕ್ನಾಲಜಿ ಲ್ಯಾಬಿನ ಕೆಲವು ಪ್ರೋಗ್ರಾಮ್‌ಗಳು ಇವತ್ತಿಗೂ ನೆನಪಿರುತ್ತವೆ. ಕೆಂಪು ಬಣ್ಣದ 'ಟೆಕ್ಸ್ಟ್ ಗ್ರೋಯಿಂಗ್' ಎಂಬ ಪದ 100 ಮಿಲಿಸೆಕೆಂಡಿಗೊಮ್ಮೆ ದೊಡ್ಡದಾಗುತ್ತ ಹೋಗಿ, 50 ಪಾಯಿಂಟ್ ಮುಟ್ಟಿದ ಕೂಡಲೇ ನೀಲಿ ಬಣ್ಣಕ್ಕೆ ತಿರುಗಿ ಕುಗ್ಗಬೇಕು. ಪುಟಕ್ಕೆ ಎಷ್ಟು ಜನ ಬಂದರು ಎಂದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಣಿಸಬೇಕು. ಪುಟ ಕಳಿಸುವ ಕಂಪ್ಯೂಟರಿನ, ಅಂದರೆ ಸರ್ವರಿನ, ಸಮಯ ತೋರಿಸುವ ಡಿಜಿಟಲ್ ಗಡಿಯಾರ ಮಾಡಬೇಕು. ಡೇಟಾಬೇಸಿನಲ್ಲಿರುವ ವಿದ್ಯಾರ್ಥಿಗಳ ದಾಖಲೆಗಳನ್ನು ಸೆಲೆಕ್ಷನ್ ಸಾರ್ಟ್ (ಉಳಿದವುಗಳಲ್ಲಿ ಚಿಕ್ಕದನ್ನು ಹುಡುಕಿ ಮುಂದಿಡುತ್ತ ಹೋಗುವ ವಿಧಾನ) ಬಳಸಿ ಜೋಡಿಸಬೇಕು.

ಈ ಪಟ್ಟಿ ನೋಡಿದವರು 'ಸಿಲೆಬಸ್ ಹಳೆಯದು, ಕಂಪನಿಗಳಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ' ಎನ್ನುವುದು ವಾಡಿಕೆ. ಹತ್ತು ವರ್ಷದಿಂದ ಈ ಮಾತು ಕೇಳಿಬರುತ್ತಿದೆ, ಸಿಲೆಬಸ್ ಬದಲಾಗುತ್ತಲೂ ಇದೆ. ಆದರೂ ಓದು ಮುಗಿಸಿ ಹೊರಬಂದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ನಾಲ್ಕು ಜನ ಬಳಸುವಂಥ ಒಂದು ವೆಬ್‌ಸೈಟ್ ಕಟ್ಟಿ ನಿಲ್ಲಿಸಲು ಬರುವುದಿಲ್ಲ. ಮೇಲೆ ಹೇಳಿದ ನಾಲ್ಕರಲ್ಲಿ ಮೂರು ಪ್ರೋಗ್ರಾಮ್‌ಗಳೊಳಗೇ ವೆಬ್‌ನ ಮುಖ್ಯ ಪಾಠಗಳು ಅಡಗಿವೆ ಎಂದು ನಾನು ನಂಬಿದ್ದೇನೆ. ಅವು ವಿದ್ಯಾರ್ಥಿಯ ಕೈಗೆ ಸಿಗದೆ ಹೋಗುವುದಕ್ಕೆ ಕಾರಣ ಹುಡುಕಬೇಕಾದದ್ದು ಪರೀಕ್ಷೆ ನಡೆಯುವ ರೀತಿಯಲ್ಲಿ.

ಪರೀಕ್ಷೆಯ ದಿನ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಮನ್ನು ಮೊದಲು ಹಾಳೆಯ ಮೇಲೆ ಬರೆಯಬೇಕು, ಆಮೇಲೆ ಟೈಪ್ ಮಾಡಿ ಔಟ್‌ಪುಟ್ ತೋರಿಸಬೇಕು, ಕೊನೆಗೆ ವೈವಾ. ಚೀಟಿಯಲ್ಲಿ ಬಂದದ್ದು ಬೇಡವೆಂದರೆ ಒಂದು ಸಲ ಬದಲಾಯಿಸಿಕೊಳ್ಳಲು ಅವಕಾಶವಿದೆ, ಆದರೆ ಬರವಣಿಗೆಯ ಭಾಗದ ಅಂಕ ಸೊನ್ನೆಯಾಗುತ್ತದೆ. ಹೀಗಿರುವಾಗ ಬುದ್ಧಿವಂತ ವಿದ್ಯಾರ್ಥಿ ಏನು ಮಾಡಬೇಕೋ ಅದನ್ನೇ ಮಾಡುತ್ತಾನೆ: ಮ್ಯಾನ್ಯುಯಲ್ ತರಿಸಿಕೊಂಡು ಅಷ್ಟೂ ಪ್ರೋಗ್ರಾಮ್‌ಗಳನ್ನು ಬಾಯಿಪಾಠ ಮಾಡುತ್ತಾನೆ, ಸೀನಿಯರ್ ಕೊಟ್ಟ ರೆಕಾರ್ಡ್ ನೋಡಿ ತನ್ನ ರೆಕಾರ್ಡ್ ತುಂಬಿಸುತ್ತಾನೆ. ಅವನನ್ನು ದೂರುವಂತಿಲ್ಲ. ಪರೀಕ್ಷೆ ಕೇಳುತ್ತಿರುವುದು ಒಂದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಔಟ್‌ಪುಟ್ ಮಾತ್ರ.

ವೆಬ್ ಹುಟ್ಟಿದ್ದೇ ಎರಡು ಕಂಪ್ಯೂಟರುಗಳ ನಡುವೆ. 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಯೋಜನೆಯಿಂದ ಬೆಳೆದ ವೆಬ್‌ನ ತಿರುಳು ಇಷ್ಟೇ: ಒಂದು ಯಂತ್ರ ಕೇಳುತ್ತದೆ, ಇನ್ನೊಂದು ಕೊಡುತ್ತದೆ, ಕೊಟ್ಟ ಮೇಲೆ ಮರೆತುಬಿಡುತ್ತದೆ. ನಮ್ಮ ಲ್ಯಾಬಿನಲ್ಲಿ ತನ್ನ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಡುವ ಎಕ್ಸ್ಯಾಂಪ್ ತಂತ್ರಾಂಶ ಹಾಕಿಕೊಂಡು ಕೂತ ವಿದ್ಯಾರ್ಥಿಗೆ ಕೇಳುವ ಯಂತ್ರವೂ ಅದೇ, ಕೊಡುವ ಯಂತ್ರವೂ ಅದೇ. ವಿಳಾಸದ ಜಾಗದಲ್ಲಿ 'ಲೋಕಲ್‌ಹೋಸ್ಟ್' (ಇದೇ ಕಂಪ್ಯೂಟರ್) ಎಂದು ಬರೆದು ಎಂಟರ್ ಒತ್ತಿದರೆ ಪುಟ ಬರುತ್ತದೆ. ನಡುವೆ ಏನು ನಡೆಯಿತು, ಯಾವ ಸಾಲು ಎಲ್ಲಿ ಓಡಿತು ಎಂದು ಕೇಳುವ ಸಂದರ್ಭವೇ ಬರುವುದಿಲ್ಲ.

ಗಡಿಯಾರ ಯಾವ ಊರಿನದು?

ಡಿಜಿಟಲ್ ಗಡಿಯಾರದ ಪ್ರೋಗ್ರಾಮನ್ನೇ ತೆಗೆದುಕೊಳ್ಳೋಣ. ಎಕ್ಸ್ಯಾಂಪಿನ ಪಿಎಚ್‌ಪಿ ಸೆಟ್ಟಿಂಗಿನಲ್ಲಿ ಮೊದಲಿನಿಂದಲೂ ಬರ್ಲಿನ್ ಸಮಯ ತುಂಬಿರುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಬಿನಲ್ಲಿ ಪ್ರೋಗ್ರಾಮ್ ಓಡಿಸಿದವರಿಗೆ ಗಡಿಯಾರ ಐದೂವರೆಯನ್ನೋ ಆರೂವರೆಯನ್ನೋ ತೋರಿಸುತ್ತದೆ; ಯಾವುದು ಎನ್ನುವುದು ಯುರೋಪಿನ ಬೇಸಿಗೆ ಸಮಯದ ಮೇಲೆ ನಿಂತಿದೆ. ಇದಕ್ಕೆ ಮದ್ದು ಒಂದು ಸಾಲು: ಸಮಯವಲಯವನ್ನು 'ಏಷ್ಯಾ/ಕೋಲ್ಕತ್ತಾ' ಎಂದು ಹೇಳುವುದು. ಅನೇಕ ಮ್ಯಾನ್ಯುಯಲ್‌ಗಳಲ್ಲಿ ಈ ಸಾಲು ಇದ್ದೇ ಇರುತ್ತದೆ. ವಿದ್ಯಾರ್ಥಿ ಅದನ್ನೂ ಬಾಯಿಪಾಠ ಮಾಡುತ್ತಾನೆ, ಗಡಿಯಾರ ಸರಿಯಾಗುತ್ತದೆ, ಅಂಕ ಬರುತ್ತದೆ.

ಪ್ರೋಗ್ರಾಮಿನ ಹೆಸರಿನಲ್ಲೇ 'ಸರ್ವರಿನ ಸಮಯ' ಎಂದಿದೆ. ಹಾಗಾದರೆ ಸರ್ವರ್ ಎಲ್ಲಿದೆ? ಅದೇ ಪುಟವನ್ನು ದುಬೈನಲ್ಲಿರುವ ಅಣ್ಣ ತೆರೆದರೆ ಅವನಿಗೆ ಯಾವ ಸಮಯ ಕಾಣಬೇಕು? ಹೊರಗಿನ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ನಡೆಯುತ್ತವೆ, ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ಅರ್ಜಿ ಹಾಕಲು 'ಇವತ್ತು ರಾತ್ರಿ 12 ಗಂಟೆ ಕೊನೆ' ಎಂದು ಪ್ರಕಟಿಸಿ, ಸಮಯವಲಯದ ಗೊಡವೆಗೆ ಹೋಗದೆ ಪ್ರೋಗ್ರಾಮ್ ಬರೆದರೆ ಆ ಸರ್ವರ್ ಮರುದಿನ ಬೆಳಿಗ್ಗೆ 5:30ರವರೆಗೂ ಅರ್ಜಿ ತೆಗೆದುಕೊಳ್ಳುತ್ತಲೇ ಇರುತ್ತದೆ. ಸಮಯವನ್ನು ಒಂದೇ ಅಳತೆಯಲ್ಲಿ ಉಳಿಸಿಟ್ಟು, ತೋರಿಸುವಾಗ ನೋಡುವವರ ಊರಿಗೆ ತಕ್ಕಂತೆ ಬದಲಿಸಬೇಕು ಎಂಬ ದೊಡ್ಡ ಪಾಠ ಈ ಪುಟ್ಟ ಪ್ರೋಗ್ರಾಮಿನಲ್ಲಿದೆ. ಪ್ರೋಗ್ರಾಮನ್ನು ಎರಡನೇ ಯಂತ್ರಕ್ಕೆ ಸಾಗಿಸಿದ ದಿನ ಅದು ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಭೇಟಿ ಎಣಿಸುವ ಪ್ರೋಗ್ರಾಮ್ ಇನ್ನೂ ಸೊಗಸಾದದ್ದು. ಫೈಲಿನಲ್ಲಿರುವ ಸಂಖ್ಯೆ ಓದು, ಒಂದು ಸೇರಿಸು, ಮತ್ತೆ ಬರೆ. ಒಬ್ಬನೇ ಕೂತು ರಿಫ್ರೆಶ್ ಒತ್ತಿದರೆ 1, 2, 3 ಎಂದು ತಪ್ಪದೆ ಏರುತ್ತದೆ. ಈಗ ಅದೇ ಪ್ರೋಗ್ರಾಮನ್ನು ಮೇಷ್ಟರ ಕಂಪ್ಯೂಟರಿನಲ್ಲಿಟ್ಟು, ಲ್ಯಾಬಿನ ಉಳಿದ 30 ಕಂಪ್ಯೂಟರುಗಳಿಂದ ಒಂದು ಸಣ್ಣ ಲೂಪ್ ಬರೆದು ಒಟ್ಟಿಗೆ ನೂರು ನೂರು ಸಲ ಕೇಳಿಸಿ. 3000 ಬರಬೇಕಾದ ಜಾಗದಲ್ಲಿ ಅದಕ್ಕಿಂತ ಕಡಿಮೆ ಬರುವುದು ಬಹುಮಟ್ಟಿಗೆ ಖಚಿತ. ಇಬ್ಬರು ಒಂದೇ ಗಳಿಗೆಯಲ್ಲಿ ಕೇಳಿದಾಗ ಇಬ್ಬರಿಗೂ 41 ಎಂದು ಸಿಗುತ್ತದೆ, ಇಬ್ಬರೂ 42 ಎಂದು ಬರೆಯುತ್ತಾರೆ, ಒಂದು ಭೇಟಿ ಲೆಕ್ಕದಿಂದ ಬಿದ್ದುಹೋಗುತ್ತದೆ. ಬಸ್ಸಿನ ಒಂದೇ ಸೀಟು ಇಬ್ಬರಿಗೆ ಬುಕ್ ಆಗುವುದೂ, ಉಳಿದ ಒಂದೇ ಪ್ರತಿಯನ್ನು ಇಬ್ಬರಿಗೆ ಮಾರುವುದೂ ಹೀಗೆಯೇ. ಡೇಟಾಬೇಸ್ ಪಾಠದಲ್ಲಿ ಬರುವ ಟ್ರಾನ್ಸಾಕ್ಷನ್ (ಹಲವು ಹೆಜ್ಜೆಗಳನ್ನು ಒಂದೇ ಕೆಲಸವಾಗಿ ಮುಗಿಸುವುದು), ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಬರುವ ಲಾಕ್ (ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವುದು) ಎರಡೂ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ. ಬೇರೆ ಬೇರೆ ಸೆಮಿಸ್ಟರಿನಲ್ಲಿ ಬೇರೆ ಬೇರೆ ಪರೀಕ್ಷೆಗೆಂದು ಓದಿದ ಸಂಗತಿಗಳು ಇಲ್ಲಿ ಒಂದಾಗುತ್ತವೆ.

ಅಲ್ಲಿಂದ ಮುಂದೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಒಬ್ಬನೇ ಹತ್ತು ಸಲ ರಿಫ್ರೆಶ್ ಮಾಡಿದರೆ ಹತ್ತು ಜನ ಬಂದಂತೆಯೇ? ಸರ್ವರಿಗೆ ಹಿಂದಿನ ಕೋರಿಕೆ ನೆನಪಿರುವುದಿಲ್ಲವಾದ್ದರಿಂದ ಬಂದವರನ್ನು ಗುರುತಿಡಲು ಏನಾದರೂ ಉಪಾಯ ಬೇಕು. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನಲ್ಲಿ ಕುಕಿ (ಬ್ರೌಸರ್ ಉಳಿಸಿಟ್ಟುಕೊಂಡು ಸರ್ವರಿಗೆ ಮತ್ತೆ ಕಳಿಸುವ ಪುಟ್ಟ ಗುರುತು) ಹುಟ್ಟಿದ್ದು ಇದೇ ಅಗತ್ಯಕ್ಕೆ. ಕುಕಿ, ಸೆಷನ್, ಲಾಗಿನ್ ಎಂದು ಒಂದೊಂದಾಗಿ ಪಾಠ ಬೆಳೆಯುತ್ತದೆ. ಸಿಲೆಬಸ್ಸಿನಲ್ಲಿ ಇವು ಮೊದಲೇ ಇವೆ, ಆದರೆ ಐದಂಕದ ಪ್ರಶ್ನೆಗೆ ಉತ್ತರವಾಗಿ.

ಸೆಲೆಕ್ಷನ್ ಸಾರ್ಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತು ದಾಖಲೆಗೆ ಅದು 45 ಹೋಲಿಕೆ ಮಾಡುತ್ತದೆ, ಒಂದು ಲಕ್ಷ ದಾಖಲೆಗೆ ಸುಮಾರು 500 ಕೋಟಿ. ಜೋಡಿಸಿ ಕೊಡು ಎಂದು ಡೇಟಾಬೇಸನ್ನೇ ಕೇಳಿದರೆ, ಆ ಕಾಲಮ್‌ಗೆ ಇಂಡೆಕ್ಸ್ (ಮೊದಲೇ ಜೋಡಿಸಿಟ್ಟ ಸೂಚಿ) ಇದ್ದರೆ, ಈ ಕೆಲಸವೇ ಬೇಕಾಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಓಡಿಸಿ ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆಯಲು ಹೇಳಿದ್ದರೆ ಅದು ಚಂದದ ಪ್ರಯೋಗವಾಗುತ್ತಿತ್ತು. ಒಂದನ್ನು ಮಾತ್ರ ಕಲಿಸಿದರೆ ವಿದ್ಯಾರ್ಥಿ ಕೆಲಸಕ್ಕೆ ಸೇರಿದ ಮೇಲೂ ಲಕ್ಷ ದಾಖಲೆಗಳನ್ನು ಎಳೆದುಕೊಂಡು ಕೈಯಾರೆ ಜೋಡಿಸುವ ಅಪಾಯವಿದೆ.

ಯುಎಸ್‌ಎನ್ ಮತ್ತು ಡಿ'ಸೋಜಾ

2010ರ ಸ್ಕೀಮಿನ ಲ್ಯಾಬಿನಲ್ಲಿ ಇನ್ನೊಂದು ಪ್ರೋಗ್ರಾಮಿತ್ತು: ಫಾರಂನಲ್ಲಿ ತುಂಬಿದ ಯುಎಸ್‌ಎನ್ (ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ) ಸರಿಯಿದೆಯೇ ಎಂದು ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟಿನಿಂದ ಪರೀಕ್ಷಿಸುವುದು. ಮೊದಲು 1ರಿಂದ 4ರೊಳಗಿನ ಒಂದು ಅಂಕಿ, ಆಮೇಲೆ ಕಾಲೇಜನ್ನು ಸೂಚಿಸುವ ಎರಡು ಅಕ್ಷರ, ಸೇರಿದ ವರ್ಷದ ಎರಡು ಅಂಕಿ, ವಿಭಾಗದ ಎರಡು ಅಕ್ಷರ, ಕೊನೆಗೆ ಮೂರು ಅಂಕಿ. ಮೊದಲ ಅಂಕಿ ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರು ಪ್ರಾಂತ್ಯಗಳಲ್ಲಿ ಒಂದನ್ನು ಹೇಳುತ್ತದೆ. ವಿದ್ಯಾರ್ಥಿಗೆ ತನ್ನದೇ ಸಂಖ್ಯೆ, ದಿನಾ ಬರೆಯುವ ಸಂಖ್ಯೆ. ಇಷ್ಟು ಹತ್ತಿರದ ಉದಾಹರಣೆ ಆರಿಸಿದವರನ್ನು ಮೆಚ್ಚಬೇಕು.

ತಪ್ಪು ಯುಎಸ್‌ಎನ್ ಹಾಕಿದರೆ ಬ್ರೌಸರ್ ಎಚ್ಚರಿಕೆಯ ಪೆಟ್ಟಿಗೆ ತೋರಿಸುತ್ತದೆ. ಪ್ರಯೋಗ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಮುಗಿಸಬಾರದಿತ್ತು. ಬ್ರೌಸರ್ ಇರುವುದು ಬಳಸುವವನ ಕೈಯಲ್ಲಿ. ಅವನು ಜಾವಾಸ್ಕ್ರಿಪ್ಟ್ ಆಫ್ ಮಾಡಬಹುದು, ಡೆವಲಪರ್ ಟೂಲ್ಸ್ ತೆರೆದು ಆ ಪರೀಕ್ಷೆಯ ಸಾಲನ್ನೇ ಕಿತ್ತುಹಾಕಬಹುದು, ಬ್ರೌಸರಿನ ಸಹವಾಸವೇ ಬೇಡವೆಂದು ನೇರ ತನ್ನದೊಂದು ಪ್ರೋಗ್ರಾಮಿನಿಂದ ಸರ್ವರಿಗೆ ಬೇಕಾದ್ದನ್ನು ಕಳಿಸಬಹುದು. ಹೊರಗಿನಿಂದ ಬಂದ ಯಾವುದನ್ನೂ ಸರ್ವರ್ ಪರೀಕ್ಷಿಸದೆ ನಂಬುವಂತಿಲ್ಲ. ಬ್ರೌಸರಿನ ಪರೀಕ್ಷೆ ಬಳಸುವವನ ಅನುಕೂಲಕ್ಕೆ, ಸರ್ವರಿನ ಪರೀಕ್ಷೆ ನಮ್ಮ ರಕ್ಷಣೆಗೆ. ಪಕ್ಕದ ಕಂಪ್ಯೂಟರಿನಲ್ಲಿ ಕೂತ ಗೆಳತಿಗೆ 'ನನ್ನ ಫಾರಂ ಮುರಿದು ತೋರಿಸು' ಎಂದು ಅರ್ಧ ಗಂಟೆ ಬಿಟ್ಟುಕೊಟ್ಟರೆ ಇದು ಯಾವ ಉಪನ್ಯಾಸವೂ ಬೇಡದೆ ಮನದಟ್ಟಾಗುತ್ತದೆ.

ಮುರಿಯಲು ದುರುದ್ದೇಶ ಬೇಕೆಂದೂ ಇಲ್ಲ. ಮಂಗಳೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಡ್ಡಹೆಸರು ಡಿ'ಸೋಜಾ ಎಂದು ಇಂಗ್ಲಿಷಿನಲ್ಲಿ ತುಂಬುತ್ತಾಳೆ. ಮ್ಯಾನ್ಯುಯಲಿನಲ್ಲಿರುವಂತೆ ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ವಾಕ್ಯದೊಳಗೆ ಅಂಟಿಸಿದ್ದರೆ, ಡಿ ಆದ ಮೇಲೆ ಬರುವ ಆ ಒಂಟಿ ಚಿಹ್ನೆಯನ್ನು ಕಂಡ ಡೇಟಾಬೇಸ್ ಹೆಸರು ಅಲ್ಲಿಗೆ ಮುಗಿಯಿತೆಂದು ತಿಳಿಯುತ್ತದೆ, ಉಳಿದ 'ಸೋಜಾ'ವನ್ನು ಆಜ್ಞೆಯೆಂದು ಓದಲು ಹೋಗಿ ಎರರ್ ಕೊಡುತ್ತದೆ. ಆ ಹುಡುಗಿಗೆ ತನ್ನ ಹೆಸರು ನೋಂದಾಯಿಸಲು ಆಗುವುದಿಲ್ಲ. ಈಗ ಯೋಚಿಸಿ: ಹೆಸರಿನ ಜಾಗದಲ್ಲಿ ತುಂಬಿದ ಅಕ್ಷರಗಳು ಆಜ್ಞೆಯಾಗಿ ಓಡಬಲ್ಲವು ಎಂದರೆ, ಅಲ್ಲಿ ಬೇಕೆಂದೇ ಆಜ್ಞೆ ಬರೆಯುವವನು ಏನೇನು ಮಾಡಬಲ್ಲ? ಪಾಸ್‌ವರ್ಡ್ ಇಲ್ಲದೆ ಒಳಬರಬಲ್ಲ, ಇಡೀ ಪಟ್ಟಿಯನ್ನು ಹೊರತೆಗೆಯಬಲ್ಲ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಈ ದಾಳಿಯ ಬಗ್ಗೆ 1998ರಿಂದಲೇ ಬಹಿರಂಗವಾಗಿ ಬರೆಯಲಾಗಿದೆ. ಮದ್ದೂ ಹಳೆಯದೇ: ವಾಕ್ಯದ ಚೌಕಟ್ಟನ್ನು ಮೊದಲು ಕಳಿಸಿ, ಹೆಸರನ್ನು ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಅದನ್ನು ಬಳಸಿದರೆ ಡಿ'ಸೋಜಾ ಎಂಬುದು ಬರೀ ಹೆಸರಾಗಿಯೇ ಉಳಿಯುತ್ತದೆ.

ಇದಕ್ಕಿಂತ ಸುಲಭವಾಗಿ ಕಣ್ತಪ್ಪುವ ಇನ್ನೊಂದು ದೋಷವಿದೆ. ಮಿನಿ ಪ್ರಾಜೆಕ್ಟಿನಲ್ಲಿ ಲಾಗಿನ್ ಇದೆ, ಒಳಗೆ ಹೋದರೆ ನನ್ನ ಅಂಕಪಟ್ಟಿ ಕಾಣುತ್ತದೆ, ವಿಳಾಸದ ಕೊನೆಯಲ್ಲಿ 5 ಎಂಬ ಸಂಖ್ಯೆ ಇದೆ. ಅದನ್ನು 6 ಮಾಡಿ ಎಂಟರ್ ಒತ್ತಿದರೆ ಪಕ್ಕದವನ ಅಂಕಪಟ್ಟಿ. ಲಾಗಿನ್ ಆದವರು ಯಾರು ಎಂದು ಸರ್ವರ್ ಕೇಳಿತು, ಈ ದಾಖಲೆ ಅವರದೇ ಹೌದೇ ಎಂದು ಕೇಳಲಿಲ್ಲ. ವೆಬ್ ಸುರಕ್ಷತೆಯ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಹೊರತಂದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಬಗೆಯ ದೋಷಕ್ಕೇ. ಲೋಕಲ್‌ಹೋಸ್ಟಿನಲ್ಲಿ ಒಬ್ಬನೇ ಬಳಕೆದಾರ ಇರುವವರೆಗೆ ಇದು ಗೋಚರಿಸುವುದೇ ಇಲ್ಲ.

ಫ್ರೇಮ್‌ವರ್ಕ್‌ಗಳ ಬೆನ್ನು ಹತ್ತಿ

ಸಿಲೆಬಸ್ ಬದಲಾಗಿಲ್ಲ ಎನ್ನುವವರು ಒಮ್ಮೆ ಸ್ಕೀಮ್‌ಗಳನ್ನು ಜೋಡಿಸಿ ನೋಡಬೇಕು. 2010ರದ್ದರಲ್ಲಿ ಎಕ್ಸ್‌ಎಚ್‌ಟಿಎಂಎಲ್, ಪರ್ಲ್, ಪಿಎಚ್‌ಪಿ, ರೂಬಿ ಆನ್ ರೈಲ್ಸ್ ಇದ್ದವು. 2015ರ ಹೊತ್ತಿಗೆ ಎಚ್‌ಟಿಎಂಎಲ್5, ಪಿಎಚ್‌ಪಿ, ಜೆಕ್ವೆರಿ ಬಂದವು. 2021ರದ್ದರಲ್ಲಿ 'ಫುಲ್ ಸ್ಟ್ಯಾಕ್' (ಬ್ರೌಸರ್ ಬದಿ, ಸರ್ವರ್ ಬದಿ ಎರಡೂ) ಎಂಬ ಹೆಸರಿನಲ್ಲೇ ಪಠ್ಯ ಬಂತು, ಅದರಲ್ಲಿ ಜ್ಯಾಂಗೊ ಎಂಬ ಫ್ರೇಮ್‌ವರ್ಕ್, ಅಂದರೆ ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು. 2022ರದ್ದರಲ್ಲಿ ಮಾಂಗೋಡಿಬಿ, ಎಕ್ಸ್‌ಪ್ರೆಸ್, ರಿಯಾಕ್ಟ್, ನೋಡ್ ಸೇರಿದ ಮರ್ನ್. ಬೇಕಾದಷ್ಟು ಬದಲಾಗಿದೆ. ಆದರೆ ಈ ಓಟದಲ್ಲಿ ವಿಶ್ವವಿದ್ಯಾಲಯ ಗೆಲ್ಲಲಾರದು. ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಮುಂದುವರಿಸುವುದಿಲ್ಲವೆಂದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಪ್ರಕಟಿಸಿದ್ದು 2009ರಲ್ಲಿ, ನಮ್ಮ ಸ್ಕೀಮ್ ಅದರ ಮರುವರ್ಷದ್ದು. ಪಿಎಚ್‌ಪಿಯಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಜೊತೆ ಮಾತಾಡುತ್ತಿದ್ದ ಹಳೆಯ ಫಂಕ್ಷನ್‌ಗಳನ್ನು 2015ರ ಕೊನೆಯಲ್ಲಿ ಬಂದ 7ನೇ ಆವೃತ್ತಿ ತೆಗೆದೇ ಹಾಕಿತು. ಅವನ್ನೇ ನೆಚ್ಚಿದ್ದ ಮ್ಯಾನ್ಯುಯಲ್‌ಗಳು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದವಾದವು. ಫೇಸ್‌ಬುಕ್ ರಿಯಾಕ್ಟನ್ನು ಎಲ್ಲರಿಗೂ ಮುಕ್ತಗೊಳಿಸಿದ್ದು 2013ರಲ್ಲಿ. 2022ರ ಸ್ಕೀಮಿನಲ್ಲಿ ಸೇರಿದವರು ಮೂರನೇ ವರ್ಷಕ್ಕೆ ಬಂದು ಅದನ್ನು ಓದುವ ಹೊತ್ತಿಗೆ, ಅಂದರೆ 2025ರ ಫೆಬ್ರವರಿಯಲ್ಲಿ, ರಿಯಾಕ್ಟ್ ಪ್ರಾಜೆಕ್ಟ್ ಶುರುಮಾಡಲು ವರ್ಷಗಟ್ಟಲೆ ಎಲ್ಲರೂ ಬಳಸುತ್ತಿದ್ದ ಸಾಧನಕ್ಕೆ ಅದರ ತಂಡವೇ ವಿದಾಯ ಹೇಳಿತು.

ನಿಧಾನಕ್ಕೆ ಬದಲಾಗುವ ಪದರವೂ ಒಂದಿದೆ. 1997ರಲ್ಲಿ ಪ್ರಕಟವಾದ, ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿ ಎಚ್‌ಟಿಟಿಪಿ 1.1ರ ಗೆಟ್ (ಪುಟ ಕೇಳುವುದು), ಪೋಸ್ಟ್ (ಮಾಹಿತಿ ಕಳಿಸುವುದು), 404 (ಪುಟ ಸಿಗಲಿಲ್ಲ) ಇವತ್ತಿಗೂ ಅದೇ ಅರ್ಥದಲ್ಲಿವೆ. ಕುಕಿ ಇದೆ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮುಂದಿಟ್ಟ, ಮಾಹಿತಿಯನ್ನು ಕೋಷ್ಟಕಗಳಲ್ಲಿಡುವ ರಿಲೇಷನಲ್ ಮಾದರಿಯ ಮೇಲೆ ನಿಂತ ಎಸ್‌ಕ್ಯೂಎಲ್ ಇದೆ. ಜ್ಯಾಂಗೊ ಆಗಲಿ ಎಕ್ಸ್‌ಪ್ರೆಸ್ ಆಗಲಿ ಮಾಡುವುದು ಇದೇ ಕೆಲಸವನ್ನು: ಕೋರಿಕೆ ತೆಗೆದುಕೊಳ್ಳುವುದು, ಯಾರೆಂದು ನೋಡುವುದು, ಡೇಟಾ ತರುವುದು, ಉತ್ತರ ಕಟ್ಟುವುದು. ಒಂದನ್ನು ಆಳವಾಗಿ ಕಲಿತವಳಿಗೆ ಎರಡನೆಯದನ್ನು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಆದ್ದರಿಂದ ಯಾವ ಫ್ರೇಮ್‌ವರ್ಕ್ ಎಂಬ ಚರ್ಚೆಗೆ ಇಷ್ಟು ಕಾಲ ವ್ಯಯಿಸುವುದು ನನಗೆ ಸರಿಕಾಣುವುದಿಲ್ಲ. ಯಾವುದಾದರೂ ಒಂದಿರಲಿ, ಅದನ್ನು ನಿಜವಾದ ಬಳಕೆದಾರರ ಮುಂದೆ ನಿಲ್ಲಿಸುವವರೆಗೆ ಕಲಿಸಲಿ.

ಬಿಸಿಎ ಓದುವವರ ಪಾಡು ಇನ್ನೂ ಕಷ್ಟದ್ದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪಠ್ಯ ಬದಲಾಯಿತು, 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಇನ್ನೊಮ್ಮೆ ಬದಲಾಯಿತು, ಅದೇ ವರ್ಷ ಬಿಸಿಎ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಅಡಿಗೂ ಬಂತು. ಪಾಠ ಮಾಡುವವರಿಗೆ ಒಂದು ಪಠ್ಯವನ್ನು ಎರಡು ಸಲ ಕಲಿಸಿ ತಿದ್ದಿಕೊಳ್ಳುವಷ್ಟೂ ವ್ಯವಧಾನ ಸಿಗಲಿಲ್ಲ.

ಈ ಕೊರತೆಯನ್ನು ಹೊರಗಿನವರು ತುಂಬುತ್ತಿದ್ದಾರೆ. ಇನ್ಫೋಸಿಸ್ ಮೈಸೂರಿನಲ್ಲಿ 2005ರಿಂದ ನಡೆಸುತ್ತಿರುವ ಬೃಹತ್ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ಪಾಠ ನಡೆಯುತ್ತದೆ. ಅಂಥ ಕಂಪನಿಗೆ ಆಯ್ಕೆಯಾಗದವರು ಬೆಂಗಳೂರಿನ ಬಿಟಿಎಂ ಲೇಔಟ್, ರಾಜಾಜಿನಗರಗಳ ಕೋಚಿಂಗ್ ಕೇಂದ್ರಗಳಿಗೆ ಹಣ ಕಟ್ಟಿ, ಪಿಜಿಯಲ್ಲಿದ್ದುಕೊಂಡು 'ಫುಲ್ ಸ್ಟ್ಯಾಕ್' ಕಲಿಯುತ್ತಾರೆ. ನಾಲ್ಕು ವರ್ಷ ಶುಲ್ಕ ಕಟ್ಟಿದ ಕುಟುಂಬ ಮತ್ತೆ ಸಾಲ ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕನ್ನಡದ ಹೆಸರು ತುಂಬಿದಾಗ

ನಮ್ಮ ಊರಿನ ಬಳಕೆದಾರರ ಮುಂದೆ ಸೈಟ್ ನಿಲ್ಲಿಸಿದರೆ ಯಾವ ಟ್ಯುಟೋರಿಯಲ್‌ನಲ್ಲೂ ಸಿಗದ ಪಾಠಗಳು ಸಿಗುತ್ತವೆ. 'ಕನ್ನಡ' ಎಂಬ ಪದವನ್ನು ಪಿಎಚ್‌ಪಿಯ ಸಾಮಾನ್ಯ ಉದ್ದ ಅಳೆಯುವ ಫಂಕ್ಷನ್‌ಗೆ ಕೊಟ್ಟರೆ 15 ಎನ್ನುತ್ತದೆ, ಜಾವಾಸ್ಕ್ರಿಪ್ಟ್ 5 ಎನ್ನುತ್ತದೆ, ಓದುವ ನಮಗೆ ಕಾಣುವುದು ಮೂರೇ ಅಕ್ಷರ. ಮೊದಲನೆಯದು ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಬೈಟ್ ಎಣಿಸಿದೆ, ಎರಡನೆಯದು ಒತ್ತಕ್ಷರವನ್ನು ಬಿಡಿಸಿ, ನಡುವಿನ ಹಲಂತ ಚಿಹ್ನೆಯನ್ನೂ ಸೇರಿಸಿ ಯುನಿಕೋಡ್ ಸಂಕೇತಗಳನ್ನು ಎಣಿಸಿದೆ. ಹೆಸರಿಗೆ 10 ಅಕ್ಷರ ಸಾಕೆಂದು ಮಿತಿ ಹಾಕಿದ ಫಾರಂನಲ್ಲಿ ಚಂದ್ರಶೇಖರಯ್ಯ ಎಂಬ ಆರಕ್ಷರದ ಹೆಸರು ಹಿಡಿಸುವುದಿಲ್ಲ, ಯಾಕೆಂದರೆ ಯಂತ್ರದ ಲೆಕ್ಕದಲ್ಲಿ ಅದು 12. 2018ರಲ್ಲಿ ಬಂದ 8.0 ಆವೃತ್ತಿಗೆ ಮುಂಚಿನ ಮೈಎಸ್‌ಕ್ಯೂಎಲ್‌ನಲ್ಲಿ, ಸೆಟ್ಟಿಂಗ್ ಬದಲಾಯಿಸದೆ ಕನ್ನಡ ತುಂಬಿದರೆ ಹೆಸರಿನ ಜಾಗದಲ್ಲಿ ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುವ ಸಾಧ್ಯತೆ ಇತ್ತು. ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುವ ಪರೀಕ್ಷೆಯಂತೂ ಎಲ್ಲೆಲ್ಲೂ ಇದೆ.

'ಲಾಸ್ಟ್ ನೇಮ್ ಕಡ್ಡಾಯ' ಎನ್ನುವ ಪೆಟ್ಟಿಗೆಯೂ ಹಾಗೆಯೇ. ಹಳೆ ಮೈಸೂರು ಕಡೆಯ ಲಕ್ಷಾಂತರ ಜನರಿಗೆ ಇರುವುದು ಒಂದು ಹೆಸರು, ಜೊತೆಗೆ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್. ಆ ಪೆಟ್ಟಿಗೆಯಲ್ಲಿ ಅವರು ಚುಕ್ಕಿ ಹಾಕುತ್ತಾರೆ, ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಮುಂದೆ ಯಾವುದೋ ದಾಖಲೆಯ ಜೊತೆ ಹೊಂದದೆ ಕಚೇರಿಗೆ ಅಲೆಯುತ್ತಾರೆ. ಫಾರಂ ಮಾಡಿದವರು ಇಲ್ಲಿಯವರೇ ಆಗಿದ್ದೂ ಮಾದರಿಯನ್ನು ಬೇರೆಲ್ಲಿಂದಲೋ ಎತ್ತಿಕೊಂಡದ್ದರ ಫಲ ಇದು. ತಾನು ಮಾಡಿದ ಫಾರಂ ಮುಂದೆ ತನ್ನ ಅಜ್ಜಿಯನ್ನು ಕೂರಿಸಿ ಹೆಸರು ತುಂಬಿಸಿದ ವಿದ್ಯಾರ್ಥಿ ಈ ತಪ್ಪು ಮಾಡಲಾರ.

ಎಐ ಬಂದ ಮೇಲೆ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನೇ ಬಿಟ್ಟರು ಎಂಬ ಆತಂಕ ಅಧ್ಯಾಪಕರ ಕೋಣೆಗಳಲ್ಲಿದೆ. ಲ್ಯಾಬಿನ ಪ್ರೋಗ್ರಾಮ್‌ಗಳ ಮಟ್ಟಿಗೆ ಹೊಸದೇನೂ ಆಗಿಲ್ಲ, ಅವುಗಳ ಉತ್ತರ ಎಷ್ಟೋ ವರ್ಷಗಳಿಂದ ಅಂತರ್ಜಾಲದಲ್ಲಿ ಇದ್ದೇ ಇತ್ತು. ಬದಲಾದದ್ದು ಮಿನಿ ಪ್ರಾಜೆಕ್ಟಿನ ಬೆಲೆ. ಹಿಂದೆ ಹಣ ಕೊಟ್ಟು ಪ್ರಾಜೆಕ್ಟ್ ಸೆಂಟರಿನಿಂದ ತರುತ್ತಿದ್ದುದು ಈಗ ಒಂದು ಸಂಜೆಯಲ್ಲಿ, ನೋಡಲು ಇನ್ನೂ ಚೆನ್ನಾಗಿ ತಯಾರಾಗುತ್ತದೆ. ಕೆಲಸ ಮಾಡುವ ಸೈಟೊಂದನ್ನು ತೋರಿಸಿದ ಮಾತ್ರಕ್ಕೆ ಇವನಿಗೆ ವೆಬ್ ಬರುತ್ತದೆ ಎಂದು ಹೇಳುವ ಕಾಲ ಮುಗಿಯಿತು.

ಹಾಗಾದರೆ ಏನನ್ನು ನೋಡಿ ಅಂಕ ಕೊಡಬೇಕು? ಬರೆದ ಕೋಡ್ ಯಾರದೇ ಇರಲಿ, ಅದು ಮುರಿದಾಗ ಎಲ್ಲಿ ಮುರಿಯಿತೆಂದು ಹುಡುಕಲು ಬರುತ್ತದೆಯೇ ಎಂದು ನೋಡಬೇಕು. ವಿಳಾಸದ 5ನ್ನು 6 ಮಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಎಐ ಕೂಡ ಅದನ್ನು ಸುಮ್ಮನೆ ಬಿಟ್ಟುಬಿಡಬಹುದು. ಕೇಳಲು ಗೊತ್ತಿರುವವಳ ಕೈಯಲ್ಲಿ ಅದು ಒಳ್ಳೆಯ ಸಾಧನ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಎರರ್ ಸಾಲುಗಳ ಮುಂದೆ ಕಂಗಾಲಾಗುವ ಮಕ್ಕಳಿಗೆ 'ಇದನ್ನು ಕನ್ನಡದಲ್ಲಿ ವಿವರಿಸು' ಎಂದು ಕೇಳುವ ಅನುಕೂಲ ಮೊದಲು ಇರಲಿಲ್ಲ. ಆ ದಾರಿಯನ್ನು ಮುಚ್ಚಬಾರದು.

ಹಾಗಾಗಿ ನನ್ನ ಸಲಹೆ ಸರಳ. ಚೀಟಿ ಎತ್ತುವುದು ಇರಲಿ, ಚೀಟಿಯಲ್ಲಿ ಪ್ರೋಗ್ರಾಮಿನ ಬದಲು ಒಂದು ಬದಲಾವಣೆ ಇರಲಿ. ವಿದ್ಯಾರ್ಥಿ ಸೆಮಿಸ್ಟರ್ ಪೂರ್ತಿ ಕಟ್ಟಿದ ಸೈಟನ್ನು ಲ್ಯಾಬಿನ ಇನ್ನೊಂದು ಕಂಪ್ಯೂಟರಿನಿಂದ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ತೆರೆಯಲಿ. 'ಫೋನ್ ನಂಬರ್ ಕಾಲಮ್ ಸೇರಿಸು, ಅದು ಅವರವರಿಗೆ ಮಾತ್ರ ಕಾಣಲಿ' ಎಂದೋ, 'ಇಬ್ಬರು ಒಟ್ಟಿಗೆ ಬುಕ್ ಮಾಡಿದರೆ ಏನಾಗುತ್ತದೆ ತೋರಿಸು' ಎಂದೋ ಕೇಳಲಿ. ಒಂದೂವರೆ ಗಂಟೆಯಲ್ಲಿ ಮಾಡಿ ಮುಗಿಸದಿದ್ದರೂ, ಎಲ್ಲಿ ಕೈ ಹಾಕಬೇಕೆಂದು ಗೊತ್ತಿರುವವರು ಯಾರೆಂದು ಅರ್ಧ ಗಂಟೆಯೊಳಗೆ ತಿಳಿದುಹೋಗುತ್ತದೆ.

ಇದಕ್ಕೆ ದುಡ್ಡು ಬೇಕಿಲ್ಲ. 2022ರ ನವೆಂಬರಿನಲ್ಲಿ ಸೈಟುಗಳನ್ನು ತನ್ನ ಸರ್ವರಿನಲ್ಲಿ ನಡೆಸಿಕೊಡುವ ಹೆರೋಕು ಕಂಪನಿ ತನ್ನ ಉಚಿತ ಸೇವೆ ನಿಲ್ಲಿಸಿದಾಗ ಬಹಳ ವಿದ್ಯಾರ್ಥಿಗಳ ಸೈಟುಗಳು ನಿಂತುಹೋದವು, ಅಂಥದೇ ಗಿಟ್‌ಹಬ್ ಪೇಜಸ್ ಸೇವೆ ಉಚಿತವಾದರೂ ಅಲ್ಲಿ ಸರ್ವರ್ ಬದಿಯ ಪ್ರೋಗ್ರಾಮ್ ಓಡುವುದಿಲ್ಲ ಎಂಬುದೆಲ್ಲ ನಿಜ. ಆದರೆ ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮೂಲೆಯಲ್ಲಿಟ್ಟರೆ ಅದೇ ಸರ್ವರ್, ಕಾಲೇಜಿನ ನೆಟ್‌ವರ್ಕಿನಲ್ಲಿ ಅದರ ಐಪಿ ವಿಳಾಸವೇ ಸೈಟಿನ ವಿಳಾಸ. ವಿಂಡೋಸಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಲೋಗೋ ಅಲ್ಲಿ ಕಾಣದೆ ಹೋದಾಗ, ಲಿನಕ್ಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂಬ ಪಾಠವೂ ಆಗುತ್ತದೆ. ಎಕ್ಸ್ಯಾಂಪಿನಲ್ಲಿ ಡೇಟಾಬೇಸಿನ ಎಲ್ಲ ಅಧಿಕಾರವಿರುವ ರೂಟ್ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ ಎಂಬುದು ಹಲವರಿಗೆ ಆಗಲೇ ಮೊದಲು ಹೊಳೆಯುವುದು.

ಕಷ್ಟವಿರುವುದು ಮೌಲ್ಯಮಾಪನ ಮಾಡುವವರ ಬದಿಯಲ್ಲಿ. ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಕ್ಕೆ ಎಲ್ಲೆಡೆ ಒಂದೇ ಅಳತೆಗೋಲು ಬೇಕು, ಚೀಟಿಯ ಪದ್ಧತಿ ಹುಟ್ಟಿದ್ದು ಆ ನ್ಯಾಯಬುದ್ಧಿಯಿಂದಲೇ. ಅರವತ್ತು ಜನರ ತರಗತಿಯಲ್ಲಿ ಅರವತ್ತು ಬೇರೆ ಬೇರೆ ಸೈಟುಗಳನ್ನು ನೋಡುವುದು ಒಬ್ಬ ಅಧ್ಯಾಪಕಿಗೆ ಸಾಧ್ಯವಾಗದ ಮಾತು. ಕಂಪನಿಗಳು ಕೊಡುವ ಸಂಬಳದ ಮುಂದೆ ಈ ವಿಷಯ ಬಲ್ಲವರು ಪಾಠ ಮಾಡಲು ಉಳಿಯುವುದೂ ಕಷ್ಟ. ಆದ್ದರಿಂದ ಅರವತ್ತು ಸೈಟುಗಳ ಬದಲು ಹತ್ತು ಇರಲಿ, ಅವು ಪ್ರತಿ ವರ್ಷ ಹೊಸದಾಗಿ ಶುರುವಾಗದೆ ಬ್ಯಾಚಿನಿಂದ ಬ್ಯಾಚಿಗೆ ಸಾಗಲಿ. ಹಾಸ್ಟೆಲ್ ಮೆಸ್ಸಿನ ಲೆಕ್ಕ, ಲೈಬ್ರರಿಯ ಕಾಯ್ದಿರಿಸುವಿಕೆ, ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹ, ಸೆಮಿನಾರ್ ಹಾಲ್ ಬುಕಿಂಗ್: ಕಾಲೇಜಿನೊಳಗೇ ನಿಜವಾದ ಬಳಕೆದಾರರು ಇದ್ದಾರೆ. ಅವರ ಹೆಸರು, ಫೋನ್ ನಂಬರ್ ಇಟ್ಟುಕೊಳ್ಳಬೇಕಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆಂದು ಓದಿಕೊಳ್ಳಬೇಕಾಗುತ್ತದೆ, ಅದೂ ಕಲಿಕೆಯೇ.

ಕೆಲಸಕ್ಕೆ ಸೇರಿದ ಮೊದಲ ದಿನ ಯಾರೂ ಖಾಲಿ ಫೈಲ್ ಕೊಡುವುದಿಲ್ಲ, ಬೇರೆಯವರು ಬರೆದು ಬಿಟ್ಟುಹೋದ ಸಾವಿರಾರು ಸಾಲು ಕೊಡುತ್ತಾರೆ. ಸೀನಿಯರ್ ಬ್ಯಾಚ್ ಬಿಟ್ಟುಹೋದ ಮೆಸ್ ಲೆಕ್ಕದ ಸೈಟನ್ನು ವಹಿಸಿಕೊಂಡವರಿಗೆ ಅದೇ ಅನುಭವ ಮೂರನೇ ವರ್ಷದಲ್ಲೇ ಆಗುತ್ತದೆ. ಬ್ಯಾಕಪ್ ಎಲ್ಲಿದೆ, ಈ ಫಂಕ್ಷನ್ ಯಾಕೆ ಹೀಗಿದೆ, ತಿಂಗಳ ಕೊನೆಗೆ ಲೆಕ್ಕ ಯಾಕೆ ಒಂದು ದಿನ ಹಿಂದೆ ಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿ, ಬರೆದಿಟ್ಟು, ಮುಂದಿನ ಬ್ಯಾಚಿಗೆ ಒಪ್ಪಿಸಿದ್ದಕ್ಕೆ ಇಂಟರ್ನಲ್ಸ್ ಅಂಕ ಕೊಡಬಹುದು. ಸ್ವಾಯತ್ತ ಕಾಲೇಜುಗಳು ಪಠ್ಯವನ್ನೂ ಪರೀಕ್ಷೆಯನ್ನೂ ತಾವೇ ರೂಪಿಸುತ್ತವೆ. ಇದನ್ನು ಮುಂದಿನ ಸೆಮಿಸ್ಟರಿನಿಂದಲೇ ಶುರುಮಾಡುವ ಅಧಿಕಾರ ಅವುಗಳಿಗೇ ಇದೆ.